ನಮ್ಮ ಸೀಮೆಗೆ ಬೆಟ್ಟವಿಲ್ಲವೆಂಬ ಮಾತು

ದಿನಕ್ಕೆ ನಾಲ್ಕು ಹರದಾರಿ ನಡೆದು, ಸಂಜೆಗೆ ಯಾವುದೋ ಒಂದು ಸೂರಿನ ಕೆಳಗೆ ಮೈಚಾಚಿ, ಮುಂಜಾವದಲ್ಲಿ ಗಂಟನ್ನು ಹೆಗಲಿಗೇರಿಸಿ ಮತ್ತೊಂದು ಸೂರನ್ನು ಅರಸಿ ಹೊರಡತಕ್ಕ ಬಹುದಿನಗಳ ಪಾದಚಾರವೆಂಬುದು ಹಿಮಾಲಯಕ್ಕೋ ಆಲ್ಪ್ಸ್ ಪರ್ವತಗಳಿಗೋ, ಬಹಳವೆಂದರೆ ಸಹ್ಯಾದ್ರಿಗೋ ಸಲ್ಲುವ ಭಾಗ್ಯವೆಂದೂ, ಜಹೀರಾಬಾದ, ನಾರಾಯಣಖೇಡ, ತಾಂಡೂರುಗಳಂಥ ಬಿಸಿಲುನಾಡಿನಲ್ಲಿ ಏರುವುದಕ್ಕೆ ಬೆಟ್ಟವೂ ಇಲ್ಲ, ತಂಗುವುದಕ್ಕೆ ಮನೆಯೂ ಇಲ್ಲವೆಂದೂ ನಮ್ಮ ಸುಶಿಕ್ಷಿತರಲ್ಲಿ ಒಂದು ಅಭಿಪ್ರಾಯ ಬಲವಾಗಿ ಬೇರೂರಿದೆ. ರಜೆ ಬಂದೊಡನೆ ಜಹೀರಾಬಾದದ ಬಸ್ ನಿಲ್ದಾಣದಲ್ಲಿ ನಮ್ಮವರ ಮಕ್ಕಳು ಬೆನ್ನ ಮೇಲೆ ದೊಡ್ಡ ಚೀಲ ಹೊತ್ತು ಹೈದರಾಬಾದಿನ ಬಸ್ಸಿಗೆ ಕಾಯುತ್ತಿರುತ್ತಾರೆ. ಅಲ್ಲಿಂದ ರೈಲು ಹಿಡಿದು ಉತ್ತರಕ್ಕೆ ಹೋಗಿ, ಹಿಮಾಚಲದ ಯಾವುದೋ ಕಣಿವೆಯಲ್ಲಿ ನಾಲ್ಕು ದಿನ ನಡೆದು ಬರುತ್ತಾರೆ. ಅವರು ಹೋಗಬಾರದೆಂದು ನಾನು ಹೇಳಲಾರೆ. ಹಿಮಾಲಯವನ್ನು ಕಂಡ ಕಣ್ಣು ಧನ್ಯವೇ ಸರಿ. ಆದರೆ “ಇಲ್ಲಿ ನಡೀಲಿಕ್ಕೆ ಏನದರೀ, ಕಾಕಾ?” ಎಂದು ಅವರು ಕೇಳಿದಾಗ, ಆ ಪ್ರಶ್ನೆಯನ್ನು ಅವರ ಬಾಯಲ್ಲಿ ಇಟ್ಟವರು ಹಿರಿಯರಾದ ನಾವೇ ಎಂಬ ಅರಿವು ನನ್ನನ್ನು ಕುಟುಕುತ್ತದೆ. ಹಿರಿಯರು ಸೂಚಿಸುವ ಪರಿಹಾರವಾದರೋ ಇನ್ನೂ ವಿಪರೀತವಾದುದು: ಅನಂತಗಿರಿಯ ಮೇಲೆ ಇನ್ನಷ್ಟು ಕಾಟೇಜುಗಳು ಏಳಲಿ, ಅಲ್ಲಿಯವರೆಗೆ ರಸ್ತೆ ಅಗಲವಾಗಲಿ, ಆಗ ನಮ್ಮಲ್ಲಿಯೂ ಚಾರಣವೆಂಬುದು ಆರಂಭವಾದೀತು ಎಂದು ಅವರು ನಂಬಿದ್ದಾರೆ. ಈ ಅಭಿಪ್ರಾಯವು ನೆಲದ ವಿಷಯದಲ್ಲಿ ಅಸತ್ಯವಾದುದು, ಚರಿತ್ರೆಯ ವಿಷಯದಲ್ಲಿ ಅಜ್ಞಾನದಿಂದ ಹುಟ್ಟಿದುದು, ಮತ್ತು ಅದು ಹೀಗೆಯೇ ಮುಂದುವರಿದರೆ ಇರುವ ದಾರಿಗಳನ್ನೂ ಅಳಿಸಿಹಾಕತಕ್ಕದ್ದು ಎಂಬುದನ್ನು ನಾನು ಇಲ್ಲಿ ಹೇಳಬೇಕಾಗಿದೆ.

ಮೊದಲು ನೆಲದ ಮಾತು. ಶಿಖರ ಕಾಣಿಸಲಿಲ್ಲವೆಂಬ ಕಾರಣದಿಂದ ಔನ್ನತ್ಯವೇ ಇಲ್ಲವೆಂದು ತಿಳಿಯುವುದು ಕಣ್ಣಿನ ಭ್ರಮೆ. ಜಹೀರಾಬಾದವು ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ತಾಂಡೂರು ಸುಮಾರು 450 ಮೀಟರಿನಷ್ಟು ಎತ್ತರದಲ್ಲಿದೆ. ನಾರಾಯಣಖೇಡದಿಂದ ಹೊರಟು, ಮಂಜೀರೆಯನ್ನು ದಾಟಿ, ನ್ಯಾಲಕಲ್ ಮತ್ತು ಝರಾಸಂಗಮಗಳ ಮೇಲೆ ಹಾದು ಜಹೀರಾಬಾದಕ್ಕೆ ಬಂದು, ಅಲ್ಲಿಂದ ಕೋಹೀರ, ಬಂಟ್ವಾರ, ಪೆದ್ದೇಮುಲ್‌ಗಳ ಮಾರ್ಗವಾಗಿ ತಾಂಡೂರಿಗೆ ಇಳಿಯುವ ಪಾದಚಾರಿಯು ಐದಾರು ದಿನಗಳಲ್ಲಿ ಮೂರು ಬಗೆಯ ಭೂಮಿಯನ್ನು ತುಳಿಯುತ್ತಾನೆ. ಮಂಜೀರೆಯ ಬದಿಯಲ್ಲಿ ಕಾಲಿಗೆ ಅಂಟುವ ಎರೆ; ಜಹೀರಾಬಾದದ ಸುತ್ತ ಬೀದರಿನ ಕೋಟೆಗೆ ಕಲ್ಲಾದ ಅದೇ ಕೆಂಪು ಜಂಬಿಟ್ಟಿಗೆಯ ತಲಕಟ್ಟು; ತಾಂಡೂರಿನಲ್ಲಿ ಪುಸ್ತಕದ ಹಾಳೆಯಂತೆ ಪದರಪದರವಾಗಿ ಏಳುವ ಸುಣ್ಣಗಲ್ಲು, ಅರ್ಥಾತ್ ದಕ್ಷಿಣದ ಎಷ್ಟೋ ಮನೆಗಳ ನೆಲವಾಗಿರುವ ಫರಸಿ. ಇದಕ್ಕಿಂತಲೂ ಹಿರಿದಾದ ಸಂಗತಿಯೊಂದು ಕಣ್ಣಿಗೆ ಕಾಣದೆ ನಡುವೆ ನಡೆದುಹೋಗುತ್ತದೆ. ಜಹೀರಾಬಾದ ಕೋಹೀರಗಳ ಬಡಗಣ ಇಳಿಜಾರಿನಲ್ಲಿ ಬಿದ್ದ ಮಳೆಯ ನೀರು ನಾರಿಂಜಾದಂಥ ಹಳ್ಳಗಳಾಗಿ ಮಂಜೀರೆಯನ್ನು ಕೂಡಿ ಗೋದಾವರಿಗೆ ಹೋಗುತ್ತದೆ. ತೆಂಕಣದಲ್ಲಿ ಬಿದ್ದುದು ಕಾಗಿಣಾ ನದಿಯಾಗಿ ತಾಂಡೂರನ್ನು ಹಾಯ್ದು, ಭೀಮೆಯನ್ನು ಕೂಡಿ ಕೃಷ್ಣೆಗೆ ಸಲ್ಲುತ್ತದೆ. ಅನತಿದೂರದ ಅನಂತಗಿರಿಯಲ್ಲಿ ಹುಟ್ಟಿದ ಮೂಸಿಯು ಮೂಡಣಕ್ಕೆ ಮುಖಮಾಡಿ ಹೈದರಾಬಾದಿನ ನಡುವೆ ಹರಿದು ಬೇರೊಂದೆಡೆ ಅದೇ ಕೃಷ್ಣೆಯನ್ನು ಸೇರುತ್ತದೆ. ಎಂದರೆ ಈ ದಾರಿಯಲ್ಲಿ ನಡೆದವನು ದಕ್ಷಿಣಾಪಥದ ಎರಡು ಮಹಾನದಿಗಳನ್ನು ಬೇರ್ಪಡಿಸುವ ನೆತ್ತಿಯನ್ನು ದಾಟಿದನು. ಪರ್ವತವೆಂಬುದರ ನಿಜವಾದ ಕಾರ್ಯ ನೀರನ್ನು ಎರಡು ಕಡೆಗೆ ಹಂಚುವುದೇ ಆಗಿದ್ದರೆ, ಕೋಹೀರದ ಪೇರಲ ತೋಟಗಳ ಆಚೆ, ಯಾರೂ ಹೆಸರಿಡದ ಒಂದು ಕೆಂಪು ದಿಣ್ಣೆಯ ಮೇಲೆ ನಿಂತವನು ಪರ್ವತದ ಮೇಲೆಯೇ ನಿಂತಿದ್ದಾನೆ.

ಇಷ್ಟು ಸ್ಪಷ್ಟವಾದ ನೆಲವು ನಮ್ಮ ಕಣ್ಣಿನಿಂದ ಮರೆಯಾದುದಾದರೂ ಹೇಗೆ? 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುದಾರಿ ತೆರೆದು, ತಾಂಡೂರು ಅದರ ಮೇಲಿನ ಒಂದು ನಿಲ್ದಾಣವಾದಂದಿನಿಂದ ನಡೆದು ಬರುವವನು ಬಡವನೆಂಬ ಭಾವನೆ ಬೆಳೆಯತೊಡಗಿತೆಂದು ನನಗೆ ತೋರುತ್ತದೆ. ಅನಂತರ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡಗಳೂ ಕಲಬುರ್ಗಿ ಜಿಲ್ಲೆಯ ತಾಂಡೂರು, ಕೊಡಂಗಲಗಳೂ ಆಂಧ್ರದ ಪಾಲಾದವು. ಅಲ್ಲಿಂದ ಮುಂದೆ ಬೆಂಗಳೂರಿನಲ್ಲಿ ಕುಳಿತು ಬರೆಯುವ ಕನ್ನಡಿಗನಿಗೆ ಇದು ನಕ್ಷೆಯ ಹೊರಗಾಯಿತು. ಹೈದರಾಬಾದಿನಲ್ಲಿ ಕುಳಿತು ಬರೆಯುವ ತೆಲುಗರಿಗೆ ಇದು ನಕ್ಷೆಯ ಮೂಲೆಯಾಯಿತು. ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಸೀಮೆಯ ದಾರಿಗಳನ್ನು ಕುರಿತು ಆ ನಾಲ್ಕರಲ್ಲಿ ಯಾವ ಭಾಷೆಯೂ ತನ್ನದೆಂದು ಬರೆಯಲಿಲ್ಲ. ಆದರೆ ದೇವರು ಈ ಗಡಿಯನ್ನು ಇಂದಿಗೂ ಮನ್ನಿಸಿಲ್ಲ. ತಾಂಡೂರಿನ ಆರಾಧ್ಯ ದೈವವನ್ನು ಜನ ಭಾವಿಗಿ ಭದ್ರೇಶ್ವರನೆಂದು ಕರೆಯುತ್ತಾರೆ. ಭಾವಿಗಿಯೆಂಬುದು ಬೀದರ ಜಿಲ್ಲೆಯ ಹಳ್ಳಿಯ ಹೆಸರು. ಕೇದಗೆಯನ್ನು ಶಿವನಿಗೆ ಸಲ್ಲದ ಹೂವೆಂದು ಪುರಾಣಗಳು ಸಾರುತ್ತಿರುವಾಗಲೂ ಕೇದಗೆಯಿಂದಲೇ ಪೂಜೆಗೊಳ್ಳುವ ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೆ ಶಿವರಾತ್ರಿಯಲ್ಲಿ ಕರ್ನಾಟಕದವರೂ ಮಹಾರಾಷ್ಟ್ರದವರೂ ಹಿಂಡುಹಿಂಡಾಗಿ ಬರುತ್ತಾರೆ.

ಇನ್ನು ತಂಗುಮನೆಯ ವಿಚಾರ. ಎದುರುಪಕ್ಷದವರು ಸ್ವಿಟ್ಜರ್ಲೆಂಡಿನ ದೃಷ್ಟಾಂತವನ್ನು ಮುಂದಿಡುತ್ತಾರೆ. ಅದು ಒಳ್ಳೆಯ ದೃಷ್ಟಾಂತವೇ. ಅಲ್ಲಿಯ ಆಲ್ಪೈನ್ ಕ್ಲಬ್ಬು 1863ರಲ್ಲಿ ಸ್ಥಾಪಿತವಾಗಿ, ಅದೇ ವರ್ಷ ತನ್ನ ಮೊದಲನೆಯ ಗುಡಿಸಲನ್ನು ಕಟ್ಟಿತು. ಇಂದು ಅಂಥವು ನೂರೈವತ್ತಕ್ಕೂ ಮಿಕ್ಕಿವೆ. ಹಿಮಗಡ್ಡೆಯ ಅಂಚಿನಲ್ಲಿ, ಮರವೂ ಬೆಳೆಯದ ಎತ್ತರದಲ್ಲಿ, ಹತ್ತು ಹರದಾರಿಗೆ ಒಂದು ಒಲೆಯ ಹೊಗೆಯೂ ಕಾಣದ ಕಡೆ ಮನುಷ್ಯನು ರಾತ್ರಿ ಉಳಿಯಬೇಕಾದರೆ ಯಾರಾದರೂ ಅಲ್ಲಿಗೆ ಮರ ಹೊತ್ತು ಮನೆ ಕಟ್ಟಲೇಬೇಕಾಗಿತ್ತು. ಊರಿಲ್ಲದುದರಿಂದಲೇ ಅಲ್ಲಿ ಗುಡಿಸಲು ಹುಟ್ಟಿತು. ಒಂದು ಹರದಾರಿಗೆ ಒಂದು ಊರು ಇರುವ ನಾಡಿನಲ್ಲಿ, ಊರಿನಿಂದ ದೂರ ಬೆಟ್ಟದ ತುದಿಯಲ್ಲಿ ಕಾಟೇಜು ಕಟ್ಟುವವರು ಆ ದೃಷ್ಟಾಂತದ ಹೊರಮೈಯನ್ನು ನಕಲು ಮಾಡಿ ಅದರ ಅರ್ಥವನ್ನು ಕೈಬಿಟ್ಟಿದ್ದಾರೆ. ಅಷ್ಟೇ ಅಲ್ಲದೆ ಆಲ್ಪ್ಸಿನ ಪಾದಚಾರಿಯ ಆಶ್ರಯವು 1863ರಲ್ಲಿ ಹುಟ್ಟಿತೆಂಬುದೂ ಪೂರ್ತಿ ನಿಜವಲ್ಲ. ಅದಕ್ಕೂ ಎಂಟುನೂರು ವರ್ಷ ಮುಂಚೆ, ಹನ್ನೊಂದನೆಯ ಶತಮಾನದಲ್ಲಿ, 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ನೆತ್ತಿಯಲ್ಲಿ ಸನ್ಯಾಸಿಗಳು ಒಂದು ಆಶ್ರಯವನ್ನು ಸ್ಥಾಪಿಸಿ, ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಿ ತಂದು, ಬೆಂಕಿ ಕಾಯಿಸಿ, ಅನ್ನವಿಕ್ಕಿದರು. ಅದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಮಠವೆಂದು ಕರೆಯಬೇಕು, ಅಲ್ಲಿ ನಡೆದುದನ್ನು ದಾಸೋಹವೆಂದು ಕರೆಯಬೇಕು. ಪಶ್ಚಿಮದವರು ತಮ್ಮ ಮಠದಿಂದ ತಮ್ಮ ಗುಡಿಸಲನ್ನು ಬೆಳೆಸಿಕೊಂಡರು. ನಾವು ನಮ್ಮ ಮಠ, ಛತ್ರ, ಮುಸಾಫಿರಖಾನೆ, ದರ್ಗಾದ ಪಡಸಾಲೆ, ಹನುಮಂತ ದೇವರ ಗುಡಿಯ ಕಟ್ಟೆ ಇವನ್ನೆಲ್ಲ ಹಿಂದೆ ಬಿಟ್ಟು, ಅವರ ಗುಡಿಸಲಿನ ಚಿತ್ರವನ್ನು ಹಿಡಿದು ಹೊರಟಿದ್ದೇವೆ.

ಆದರೆ ಮಠಕ್ಕೂ ಗುಡಿಗೂ ನಡೆಯುವುದು ಹರಕೆ, ಅದನ್ನು ಚಾರಣದ ಲೆಕ್ಕಕ್ಕೆ ಹಿಡಿಯಲಾಗದು ಎಂಬ ಆಕ್ಷೇಪವಿದೆ. ಈ ಆಕ್ಷೇಪವನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ, ಮತ್ತು ಪ್ರತಿ ಬಾರಿಯೂ ನನಗೆ ಶ್ರೀಶೈಲದ ದಾರಿ ನೆನಪಾಗುತ್ತದೆ. ಯುಗಾದಿಗೆ ಮುಂಚೆ, ಫಾಲ್ಗುಣದ ಸುಡುಬಿಸಿಲಿನಲ್ಲಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕಲಬುರ್ಗಿಗಳ ಒಕ್ಕಲುಮಕ್ಕಳು ಕಂಬಿ ಹೊತ್ತು, ಕೆಲವರು ಮರಗಾಲು ಕಟ್ಟಿಕೊಂಡು, ಮುನ್ನೂರು ನಾನೂರು ಕಿಲೋಮೀಟರು ನಡೆದು ಮಲ್ಲಯ್ಯನ ಬೆಟ್ಟವನ್ನು ಮುಟ್ಟುತ್ತಾರೆ. ಭ್ರಮರಾಂಬೆ ಅವರಿಗೆ ಮನೆಮಗಳು. ತವರಿನ ಸೀರೆಯನ್ನು ಹೊತ್ತು ಹೋಗುತ್ತಾರೆ. ಹಾದಿಯುದ್ದಕ್ಕೂ ಊರಿನವರು ಚಪ್ಪರ ಹಾಕಿ, ಅರವಟಿಗೆಯಿಟ್ಟು, ರೊಟ್ಟಿ ಬಡಿದು, ಬೊಬ್ಬೆಯೆದ್ದ ಪಾದಗಳಿಗೆ ಎಣ್ಣೆ ತಿಕ್ಕಿ ಕಳಿಸುತ್ತಾರೆ. ಆತ್ಮಕೂರು ದಾಟಿ ವೆಂಕಟಾಪುರದಿಂದ ಮುಂದೆ ನಲ್ಲಮಲೆಯ ಅಡವಿ: ನಾಗಲೂಟಿ, ಪೆದ್ದಚೆರುವು, ಮಠಂಬಾವಿ, ಭೀಮನ ಕೊಳ, ಕೈಲಾಸದ್ವಾರ. ಹುಲಿಗಳಿರುವ ಕಾಡಿನ ನಡುವೆ, ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ದೊರೆ ಪ್ರೋಲಯ ವೇಮನು ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನೆಂದು ಚರಿತ್ರೆ ಹೇಳುತ್ತದೆ. ಭೀಮನ ಕೊಳದ ಕಣಿವೆಗೆ ಇಳಿದು ಮತ್ತೆ ಏರುವಾಗ ಆ ಮೆಟ್ಟಿಲುಗಳ ಬೆಲೆ ಮೊಣಕಾಲಿಗೆ ತಿಳಿಯುತ್ತದೆ. ಇದನ್ನು ಪರ್ವತಮಾರ್ಗದ ಬಹುದಿನಗಳ ಪಾದಚಾರವೆಂದು ಕರೆಯಬಾರದೇಕೆ? ನಡೆಯುವವನ ಕೊರಳಲ್ಲಿ ಲಿಂಗವಿದೆಯೆಂಬುದಕ್ಕೆ ಅವನ ಕಾಲಿನ ಜ್ಞಾನ ಕಡಿಮೆಯಾಗುವುದೆ? ಯಾವ ಊರಿನ ಬಾವಿ ಸಿಹಿ, ಯಾವ ಏರನ್ನು ಹೊತ್ತು ಮೂಡುವ ಮುಂಚೆ ಮುಗಿಸಬೇಕು, ಹೆಗಲ ಮೇಲೆ ಎಷ್ಟು ತೂಕ ಹೊರಬೇಕು, ದಣಿದವನನ್ನು ಹೇಗೆ ನಡೆಸಿಕೊಂಡು ಹೋಗಬೇಕು ಎಂಬ ವಿದ್ಯೆಯೆಲ್ಲ ಆ ಜನರಲ್ಲಿ ತಲೆಮಾರುಗಳಿಂದ ಬಂದಿದೆ. ಹಣ ಕೊಟ್ಟು ಮಾರ್ಗದರ್ಶಿಯನ್ನು ಹಿಡಿದು ಕಲಿಯುವವರು ಇದನ್ನು ವಿದ್ಯೆಯೆಂದು ಒಪ್ಪದಿರುವುದು ಅನ್ಯಾಯ.

ಹರಕೆಯ ಮಾತೇ ಬೇಡವೆನ್ನುವವರಿಗಾಗಿ ನಮ್ಮ ಸೀಮೆಯಲ್ಲಿಯೇ ಇನ್ನೊಂದು ನಿದರ್ಶನವಿದೆ, ಮತ್ತು ಅದನ್ನು ನಾನು ಬಹಳ ಗೌರವದಿಂದ ಎತ್ತಿ ಹೇಳಬಯಸುತ್ತೇನೆ. ಜಹೀರಾಬಾದದ ಬಳಿ ಪಸ್ತಾಪುರದಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯೆಂಬ ಸಂಸ್ಥೆ ಸ್ಥಾಪಿತವಾಯಿತು. ಅದರ ಸ್ಥಾಪಕರಲ್ಲಿ ಪ್ರಮುಖರೂ 2023ರಲ್ಲಿ ತೀರಿಹೋದವರೂ ಆದ ಪಿ. ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿದವರು. ದೂರದರ್ಶನದ ಕೆಲಸವನ್ನು ಬಿಟ್ಟು ಈ ಬರಡು ಕೆಂಪುನೆಲಕ್ಕೆ ಬಂದು, ಇಲ್ಲಿಯ ದಲಿತ ಹೆಣ್ಣುಮಕ್ಕಳ ಸಂಘಗಳೊಡನೆ ದುಡಿದರು. ಆ ಹೆಣ್ಣುಮಕ್ಕಳು ಪ್ರತಿ ವರ್ಷ ಸಂಕ್ರಾಂತಿಯ ಸುಮಾರಿಗೆ ಹಳೆಯ ಬೆಳೆಗಳ ಜಾತ್ರೆಯನ್ನು ಹೊರಡಿಸುತ್ತಾರೆ. ಜೋಳ, ಸಜ್ಜೆ, ನವಣೆ, ಸಾವೆ, ತೊಗರಿ, ಅಗಸೆ, ಹೀಗೆ ಮನೆಯಲ್ಲಿ ಕಾಪಿಟ್ಟ ಹತ್ತಾರು ಬಗೆಯ ಬೀಜಗಳನ್ನು ಮಡಕೆಗಳಲ್ಲಿ ತುಂಬಿ, ಎತ್ತಿನ ಬಂಡಿಗಳನ್ನು ಸಿಂಗರಿಸಿ, ಹಾಡು ಹೇಳಿಕೊಂಡು, ಹೆಚ್ಚುಕಡಿಮೆ ಒಂದು ತಿಂಗಳ ಕಾಲ ಊರಿಂದೂರಿಗೆ ಸಾಗುತ್ತಾರೆ. ಒಂದು ಊರಿನ ಎಲ್ಲೆಯಲ್ಲಿ ಆ ಊರಿನವರು ಬಂಡಿಗಳನ್ನು ಎದುರುಗೊಳ್ಳುತ್ತಾರೆ, ಬಂಡಿಗಳು ನಿಲ್ಲುತ್ತವೆ, ಊಟವಾಗುತ್ತದೆ, ಯಾವ ಬೀಜ ಯಾವ ಹೊಲಕ್ಕೆ ಹೊಂದೀತೆಂಬ ಚರ್ಚೆ ನಡೆಯುತ್ತದೆ, ಮರುದಿನ ಮತ್ತೊಂದು ಊರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಸಂದಾಗ ಪತ್ರಿಕೆಗಳು ಬೀಜದ ಮಾತನ್ನು ಬರೆದವು. ಆ ಬೀಜವು ಹಳ್ಳಿಯಿಂದ ಹಳ್ಳಿಗೆ ನಡೆದೇ ಹೋದ ಮಾತನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ನಮ್ಮ ನೆಲದಲ್ಲಿ ಬಹುದಿನಗಳ ಪಯಣ ಸಾಧ್ಯವಿಲ್ಲವೆನ್ನುವವರು ಒಮ್ಮೆ ಆ ಬಂಡಿಗಳ ಹಿಂದೆ ಮೂರು ದಿನ ನಡೆಯಬೇಕು.

ಈಗ ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತನ್ನು ನಾನೇ ಹೇಳಬೇಕು. ಏಕೆಂದರೆ ಅದನ್ನು ಮುಚ್ಚಿಟ್ಟು ಗೆದ್ದರೆ ಅದು ಗೆಲುವಾಗದು. ಹಳೆಯ ಛತ್ರಗಳಲ್ಲಿ ಯಾರಿಗೆ ಎಡೆಯಿತ್ತು? ಮಠದ ಪಂಕ್ತಿಯಲ್ಲಿ ಯಾರು ಕೂಡಬಹುದಾಗಿತ್ತು? ಊರ ಬಾವಿಯ ನೀರು ಯಾವ ದಾರಿಹೋಕನ ಬೊಗಸೆಗೆ ಮೇಲಿಂದ ಬೀಳುತ್ತಿತ್ತು, ಯಾರು ತಾವೇ ಹಗ್ಗ ಇಳಿಬಿಡಬಹುದಾಗಿತ್ತು? ಕುಲವನ್ನು ಕೇಳಿಯೇ ಜಗಲಿ ತೋರಿಸುತ್ತಿದ್ದ ಆ ಆತಿಥ್ಯಕ್ಕಿಂತ, ಹಣವೆಣಿಸಿ ಕೊಟ್ಟವನಿಗೆಲ್ಲ ಹಾಸಿಗೆ ಕೊಡುವ ಕಾಟೇಜೇ ಲೇಸೆಂದು ದಲಿತ ತರುಣನೊಬ್ಬ ಹೇಳಿದರೆ, ಅವನ ಮುಂದೆ ನನಗೆ ಎತ್ತಿ ಆಡಲು ಮಾತಿಲ್ಲ. ಅವನು ಹೇಳಿದುದು ಸತ್ಯ. ಆದರೆ ಆ ಸತ್ಯದಿಂದ ಹೊರಡುವ ನಿರ್ಣಯ ಯಾವುದು? ಜಗಲಿಯನ್ನು ಕೆಡವಬೇಕೆಂಬುದಲ್ಲ, ಕೇಳುವ ಬಾಯನ್ನು ಮುಚ್ಚಿಸಬೇಕೆಂಬುದು. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಂದ ನಾಲ್ಕು ದಿನದ ನಡಿಗೆಯಷ್ಟು ದೂರದ ಕಲ್ಯಾಣದಲ್ಲಿ ದಾಸೋಹವೆಂಬ ಮಾತಿಗೆ ಶರಣರು ಕೊಟ್ಟ ಅರ್ಥ ಅದೇ ಆಗಿತ್ತು. ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಎಣಿಸಿದ ಆ ಧರ್ಮವು ನಡೆದು ಬಂದವನನ್ನೇ ದೇವರೆಂದಿತು. ಅನಂತರ ಬಂದವರು ಆ ಮಾತಿಗೆ ಎರಡು ಬಗೆದರೆಂಬುದು ನಮ್ಮ ಲಜ್ಜೆ. ಆ ಲಜ್ಜೆಯನ್ನು ತೊಳೆಯುವ ಕೆಲಸವನ್ನು ಬೀಜದ ಬಂಡಿಗಳ ಮುಂದೆ ನಡೆಯುವ ಹೆಣ್ಣುಮಕ್ಕಳು ತಮ್ಮ ರೀತಿಯಲ್ಲಿ ಆರಂಭಿಸಿಯೇ ಬಿಟ್ಟಿದ್ದಾರೆ: ಹಿಂದೆ ಊರ ಹೊರಗೆ ನಿಲ್ಲಬೇಕಾಗಿದ್ದವರನ್ನು ಈಗ ಊರೇ ಎಲ್ಲೆಗೆ ಬಂದು ಎದುರುಗೊಳ್ಳುತ್ತದೆ. ಹಣದ ಸಮಾನತೆಯಾದರೋ ಹಣವಿಲ್ಲದವನ ಬಾಗಿಲಲ್ಲಿಯೇ ಮುಗಿದುಹೋಗುತ್ತದೆ.

ಪ್ರಚಲಿತ ಅಭಿಪ್ರಾಯವು ಬರಿಯ ಅಭಿಪ್ರಾಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ದಿನದಿನವೂ ನೆಲವನ್ನು ಬದಲಿಸುತ್ತಿದೆ. ನಡೆಯುವ ಸ್ಥಳ ಬೇರೆಲ್ಲಿಯೋ ಇದೆಯೆಂದು ಎಲ್ಲರೂ ನಂಬಿದಾಗ, ಕೆಲವೇ ಬೆಟ್ಟಗಳ ಮೇಲೆ ಎಲ್ಲರೂ ಮುಗಿಬೀಳುತ್ತಾರೆ. 2024ರ ಜನವರಿಯ ಕೊನೆಯ ವಾರದಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತು, ಕೊನೆಗೆ ಕರ್ನಾಟಕ ಸರಕಾರ ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಪಥಗಳನ್ನೇ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಇತ್ತ ನಮ್ಮ ಬಂಡಿದಾರಿಗಳಲ್ಲಿ ಕಾಲಿಡುವವರಿಲ್ಲ. ಹೊಲದೊಡೆಯನು ಪ್ರತಿ ವರ್ಷ ಒಂದು ಸಾಲು ಹೆಚ್ಚು ಹೊಡೆದು ದಾರಿಯನ್ನು ಕಿರಿದು ಮಾಡುತ್ತಾನೆ; ಐದು ವರ್ಷಕ್ಕೆ ತಂತಿಬೇಲಿ ಬರುತ್ತದೆ; ದಾರಿಯ ಮೇಲಿನ ಬೇವಿನ ಮರ ಕಡಿಯಲ್ಪಡುತ್ತದೆ; ಮೆಟ್ಟಿಲುಬಾವಿ ಕಸದಿಂದ ತುಂಬುತ್ತದೆ. ಝರಾಸಂಗಮ, ನ್ಯಾಲಕಲ್ ಮಂಡಲಗಳಲ್ಲಿ ಬೃಹತ್ತಾದ ಕೈಗಾರಿಕಾ ವಲಯಕ್ಕೆಂದು ಸಾವಿರಾರು ಎಕರೆ ಭೂಮಿಯನ್ನು ಗುರುತಿಸಿದಾಗ ಹೊಲ ಕಳೆದುಕೊಳ್ಳುವವರು ದನಿಯೆತ್ತಿದರು, ಅದು ನ್ಯಾಯವೇ. ಆದರೆ ಆ ಹೊಲಗಳ ನಡುವಿನ ಕಾಲುದಾರಿಗಳಿಗಾಗಿ ದನಿಯೆತ್ತಿದವರನ್ನು ನಾನು ಕಾಣೆ. ಹೆದ್ದಾರಿಯ ಮೇಲೆ ಲಾರಿಗಳ ನಡುವೆ ಜೀವ ಕೈಯಲ್ಲಿ ಹಿಡಿದು ನಡೆಯುವ ಯಾತ್ರಿಕರನ್ನು ಕಂಡಾಗಲೆಲ್ಲ ನನಗನಿಸುತ್ತದೆ, ಇವರ ಹಳೆಯ ದಾರಿ ಅರ್ಧ ಹರದಾರಿ ಆಚೆ ತೊಗರಿ ಹೊಲದ ಕೆಳಗೆ ಹೂತುಹೋಗಿದೆಯೆಂದು.

ಒಮ್ಮೆ ನಾನು ಪುಷ್ಯಮಾಸದಲ್ಲಿ, ಎಳ್ಳಮಾವಾಸ್ಯೆ ಕಳೆದ ಮೇಲೆ, ಗೆಳೆಯರಿಬ್ಬರೊಡನೆ ನಾರಾಯಣಖೇಡದಿಂದ ತಾಂಡೂರಿಗೆ ನಡೆದಿದ್ದೇನೆ. ಎರೆಯ ಹೊಲಗಳಲ್ಲಿ ಬಿಳಿಜೋಳ ತೆನೆಗಟ್ಟಿತ್ತು. ಒಂದು ಊರಿನ ಹೊಲದಲ್ಲಿ ಕುಳ್ಳಿನ ಕೆಂಡದ ಮೇಲೆ ಸೀತನಿ ಸುಡುತ್ತಿದ್ದ ಮುದುಕರೊಬ್ಬರು ನಾವು ಎಲ್ಲಿಯವರೆಂದು ಕೇಳುವ ಮುಂಚೆಯೇ ಬೊಗಸೆ ತುಂಬ ಕಾಳು ಸುರಿದರು. ರಾತ್ರಿ ಹೊತ್ತು ಒಮ್ಮೆ ಗುಡಿಯ ಪಡಸಾಲೆ, ಒಮ್ಮೆ ಶಾಲೆಯ ವರಾಂಡ, ಒಮ್ಮೆ ದರ್ಗಾದ ಹೊರಕೋಣೆ. ಒಂದೇ ಒಂದು ಕಡೆ ನಮ್ಮನ್ನು ಸಂಶಯದಿಂದ ಕಂಡು ಮುಂದೆ ಕಳಿಸಿದರು, ಮುಂದಿನ ಊರಿನಲ್ಲಿ ಅದಕ್ಕೆ ಎರಡರಷ್ಟು ಆದರ ದೊರೆಯಿತು. ಕೆಂಪು ದಿಣ್ಣೆಯ ಮೇಲೆ ಬೆಳಗಿನ ಇಬ್ಬನಿಯಲ್ಲಿ ನಿಂತಾಗ ಹಿಂದೆ ಗೋದಾವರಿಯ ಸೀಮೆ, ಮುಂದೆ ಕೃಷ್ಣೆಯ ಸೀಮೆ. ಕೊನೆಯ ದಿನ ತಾಂಡೂರಿನ ಕಲ್ಲುಗಣಿಗಳ ಬಿಳಿಧೂಳಿನ ನಡುವೆ, 2022ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆ ನೆಲದ ತೊಗರಿಯ ಬೇಳೆಯನ್ನೂ ಜೋಳದ ರೊಟ್ಟಿಯನ್ನೂ ಉಂಡೆವು. ಇದಕ್ಕಿಂತ ಹೆಚ್ಚಿನದನ್ನು ಪಾದಚಾರಿಯು ಯಾವ ಪರ್ವತದಿಂದ ಬೇಡಬೇಕೆಂದು ನನಗೆ ತಿಳಿಯದು.

ಆದುದರಿಂದ ಅನಂತಗಿರಿಯ ನೆತ್ತಿಯನ್ನು ಮೂಸಿಯ ಬುಗ್ಗೆಗಳಿಗೂ ಕಾಡಿಗೂ ಬಿಟ್ಟುಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಲಿ ಸುರಿಯಬೇಕೆಂದಿರುವ ಹಣದ ಒಂದು ಅಲ್ಪಾಂಶದಲ್ಲಿ ಈ ದಾರಿಯ ಹದಿನೈದು ಇಪ್ಪತ್ತು ಊರುಗಳಲ್ಲಿ ಒಂದೊಂದು ಸ್ವಚ್ಛವಾದ ಕೋಣೆ, ಒಂದು ಶೌಚಾಲಯ, ಕುಡಿಯುವ ನೀರಿನ ಒಂದು ತೊಟ್ಟಿ, ರಾತ್ರಿ ಒಂದು ದೀಪ ಇಷ್ಟನ್ನು ಏರ್ಪಡಿಸಬಹುದು. ಹೆಣ್ಣುಮಕ್ಕಳು ತಾವೇ ಒಂಟಿಯಾಗಿ ಬಂದರೂ ನಿಶ್ಚಿಂತೆಯಿಂದ ಅಗಳಿ ಹಾಕಿಕೊಂಡು ಮಲಗುವಂತಿರಬೇಕು. ಗ್ರಾಮ ಪಂಚಾಯತಿಗಳು ಹಳೆಯ ಕಂದಾಯ ನಕ್ಷೆಯನ್ನು ಬಿಚ್ಚಿ, ಅದರಲ್ಲಿ ಗೆರೆಯೆಳೆದಿರುವ ಬಂಡಿದಾರಿಗಳನ್ನು ಅಳೆಯಿಸಿ, ಬೇಲಿ ತೆಗೆಯಿಸಬೇಕು. ಮಠಗಳ ಸ್ವಾಮಿಗಳೂ ಗುಡಿಗಳ ಧರ್ಮದರ್ಶಿಗಳೂ ದರ್ಗಾಗಳ ಮುತವಲ್ಲಿಗಳೂ ತಮ್ಮ ಪಡಸಾಲೆಯ ಬಾಗಿಲನ್ನು ಕುಲ ಕೇಳದೆ ತೆರೆಯಬೇಕು. ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಬರುವ ಎಳ್ಳಮಾವಾಸ್ಯೆಯ ಹೊತ್ತಿಗೆ ಮಂಜೀರೆಯಲ್ಲಿ ನೀರು ಇಳಿದಿರುತ್ತದೆ, ಬಿಸಿಲು ಹಿತವಾಗಿರುತ್ತದೆ, ಹೊಲಗಳಲ್ಲಿ ಚರಗ ಚೆಲ್ಲಿ ಸಜ್ಜೆರೊಟ್ಟಿ ಭಜ್ಜಿ ಉಣ್ಣುವವರು ದಾರಿಹೋಕರನ್ನು ಕರೆಯದೆ ಬಿಡುವುದಿಲ್ಲ. ಮಕ್ಕಳನ್ನು ಕರೆದುಕೊಂಡು, ನಾರಾಯಣಖೇಡದಲ್ಲಿ ಬಸ್ಸು ಇಳಿದು, ತೆಂಕಣಕ್ಕೆ ಮುಖಮಾಡಿ ಹೊರಡಿರಿ.